ಇಂಡಿಯನ್ ಓಪನ್ ಸ್ನೂಕರ್: ಗೋಡೆ ಮೇಲೆ ಬರೆಸಬೇಕು, ತಪ್ಪಿದ್ದರೆ ಸೋಮವಾರದೊಳಗೆ ಹೇಳಿ

ಕಪ್ಪುಚೆಂಡು (ದಾವಣಗೆರೆ)

ನಾನು ಕಾಲೇಜು ದಿನಗಳಿಂದ ಆಡುತ್ತಿರುವ ಸ್ನೂಕರ್ ಸೆಂಟರ್‌ಗೆ ಈಗ ಬಣ್ಣ ಬಳಿಸುತ್ತಿದ್ದಾರೆ. ಹೋದ ಮಳೆಗಾಲದಲ್ಲಿ ಗೋಡೆ ಪೂರ್ತಿ ಹಸಿ ಹಿಡಿದಿತ್ತು. ಎರಡನೇ ಟೇಬಲ್ ಪಕ್ಕದ ದೊಡ್ಡ ಗೋಡೆ ಸುಮ್ನೆ ಖಾಲಿ ಬಿಡೋದು ಬೇಡ, ಆಟಕ್ಕೆ ಸಂಬಂಧಪಟ್ಟಿದ್ದು ಏನಾದರೂ ಬರೆಸು ಅಂತ ಓನರ್ ಅಣ್ಣ ನನಗೆ ಹೇಳಿದ್ದಾರೆ. ಪೇಂಟರ್ ಸೋಮವಾರ ಬರುತ್ತಾನೆ.

ವಿಶ್ವ ಚಾಂಪಿಯನ್‌ಗಳ ಪಟ್ಟಿ ಬರೆಸಲ್ಲ. 1927ರಿಂದ ಶುರು ಮಾಡಿದರೆ ಸೂರು ಮುಟ್ಟುತ್ತೆ. ಅದರಲ್ಲೂ ಮೊದಲ 15 ಸಲ ಜೋ ಡೇವಿಸ್, ಜೋ ಡೇವಿಸ್ ಅಂತಲೇ ಬರೆಯಬೇಕು. ನಮ್ಮ ದೇಶದಲ್ಲೇ ನಡೆದ ರ್‍ಯಾಂಕಿಂಗ್ ಟೂರ್ನಿ ಇಂಡಿಯನ್ ಓಪನ್ ಬರೆಸೋಣ ಅಂತಿದ್ದೇನೆ. ವರ್ಷ, ಊರು, ಗೆದ್ದವರು ನನಗೆ ನೆನಪಿರುವ ಹಾಗೆ: 2013 ದೆಹಲಿ, ಡಿಂಗ್ ಜುನ್‌ಹುಯ್. 2014 ಮುಂಬೈ, ಮೈಕಲ್ ವೈಟ್. 2016 ಹೈದರಾಬಾದ್, ಆಂಟನಿ ಮೆಕ್‌ಗಿಲ್. 2017 ವಿಶಾಖಪಟ್ಟಣ, ಜಾನ್ ಹಿಗಿನ್ಸ್. 2019 ಕೊಚ್ಚಿ, ಮ್ಯಾಥ್ಯೂ ಸೆಲ್ಟ್.

ನಡುವೆ ಬೆಂಗಳೂರಲ್ಲೂ ಒಂದು ಸಲ ಆಗಿತ್ತಲ್ವಾ? ಚೀನಾದ ಸಣ್ಣ ಹುಡುಗನೊಬ್ಬ ಗೆದ್ದಿದ್ದ. ಅದು ಯಾವ ವರ್ಷ?

ಮಂಡಕ್ಕಿ_ಮಿರ್ಚಿ

"ಸೋತವನೇ ಟೇಬಲ್ ದುಡ್ಡು ಕೊಡಬೇಕು" ಅಂತ ಮೊದಲು ಬರೆಸು ಗುರು. ನಿನ್ನಿಂದ ನನಗೆ ಇನ್ನೂ ಎರಡು ಆಟದ, ಅಂದ್ರೆ ಎರಡು ಫ್ರೇಮಿನ ದುಡ್ಡು ಬರಬೇಕು.

ಬಾಕ್_ಲೈನ್

ಎರಡು ತಪ್ಪಿವೆ.

ಒಂದು, ಮುಂಬೈ ಟೂರ್ನಿ ನಡೆದದ್ದು 2015ರ ಮಾರ್ಚ್‌ನಲ್ಲಿ. ಸ್ನೂಕರ್ ಸೀಸನ್ ಎರಡು ವರ್ಷಗಳ ಮೇಲೆ ಚಾಚಿಕೊಂಡಿರುತ್ತೆ, ಅದು 2014-15ರ ಸೀಸನ್. ಅದಕ್ಕೇ ನಿನಗೆ 2014 ಅಂತ ನೆನಪು. ಗೋಡೆ ಮೇಲೆ 2015 ಅಂತಲೇ ಬರೆಸು.

ಎರಡು, ಇಂಡಿಯನ್ ಓಪನ್ ಬೆಂಗಳೂರಿಗೆ ಬಂದೇ ಇಲ್ಲ. ನೀನು ಹೇಳುತ್ತಿರುವುದು 2014ರಲ್ಲಿ ಬೆಂಗಳೂರಲ್ಲಿ ನಡೆದ ಐಬಿಎಸ್‌ಎಫ್ (ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್) ವಿಶ್ವ ಚಾಂಪಿಯನ್‌ಷಿಪ್. ಅದು ಅಮೆಚೂರ್‌ಗಳದ್ದು. ಗೆದ್ದವನು ಯಾನ್ ಬಿಂಗ್‌ಟಾವೊ, ಆಗ ಅವನಿಗೆ 14 ವರ್ಷ. ಫೈನಲ್‌ನಲ್ಲಿ ಪಾಕಿಸ್ತಾನದ ಮೊಹಮ್ಮದ್ ಸಜ್ಜಾದ್‌ನನ್ನು 8-7ರಲ್ಲಿ ಸೋಲಿಸಿದ. 2011ರಲ್ಲೂ ಅದೇ ಚಾಂಪಿಯನ್‌ಷಿಪ್ ಬೆಂಗಳೂರಿಗೆ ಬಂದಿತ್ತು, ಆಗ ಗೆದ್ದವನು ಇರಾನಿನ ಹುಸೇನ್ ವಫಾಯಿ, 17 ವರ್ಷ. ಅಮೆಚೂರ್‌ಗಳಿಗೆ ಬೆಂಗಳೂರು ಆಗುತ್ತೆ, ಪ್ರೊಫೆಷನಲ್‌ಗಳಿಗೆ ಮಾತ್ರ ಆಗಲಿಲ್ಲ.

ಉಳಿದದ್ದು ಸರಿ ಇದೆ.

ಕೋಟೆ_ಹುಡುಗ (ಚಿತ್ರದುರ್ಗ)

ಒಂದು ಪ್ರಶ್ನೆ. ಪಂಕಜ್ ಅಡ್ವಾಣಿ ಇರುವುದು ಬೆಂಗಳೂರಲ್ಲಿ. ಅವರಿಗೆ ಆಟ ಕಲಿಸಿದ ಅರವಿಂದ್ ಸವೂರ್ ಬೆಂಗಳೂರಿನವರು. ವಸಂತನಗರದಲ್ಲಿ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಹಾಲ್ ಇದೆ. ಅಂಥಾ ಊರನ್ನು ಬಿಟ್ಟು ವಿಶಾಖಪಟ್ಟಣಕ್ಕೆ ಯಾಕೆ ಹೋದರು? ಅಲ್ಲಿ ಸ್ನೂಕರ್ ಯಾರು ಆಡುತ್ತಾರೆ?

ಮಂಡಕ್ಕಿ_ಮಿರ್ಚಿ

ಸಮುದ್ರ ಇದೆಯಲ್ಲಣ್ಣ. ಪಾಟ್ ಮಿಸ್ ಆದರೆ ಹೋಗಿ ಬೀಳೋದಕ್ಕೆ.

ಪಿಬಿ_ರಸ್ತೆ

ಯಾಕೆ ಅಂದ್ರೆ ದುಡ್ಡು. ಗೆದ್ದವನಿಗೇ 50,000 ಪೌಂಡ್ ಕೊಡಬೇಕು. ಹೋಟೆಲ್, ಟಿವಿ, ಟೇಬಲ್, ಹತ್ತಾರು ಆಟಗಾರರು, ರೆಫ್ರಿಗಳು. ಯಾವ ಊರಲ್ಲಿ ಯಾರಾದರೂ ಮುಂದೆ ಬಂದು ನಾನು ನೋಡಿಕೊಳ್ಳುತ್ತೇನೆ ಅಂದರೋ ಅಲ್ಲಿಗೆ ಹೋಗುತ್ತೆ. ಒಳ್ಳೆ ಆಟಗಾರ ಇರುವ ಊರಿಗೆ ಹೋಗಬೇಕು ಅಂತ ಕಾನೂನೇನಿಲ್ಲ. ಜಾತ್ರೆ ಸಿನಿಮಾ ಟೆಂಟ್ ಇದ್ದ ಹಾಗೆ. ಜಾಗ ಕೊಟ್ಟ ಕಡೆ ಗೂಟ ಹೊಡಿ, ಮುಗಿದ ಮೇಲೆ ಕಿತ್ತುಕೊಂಡು ಹೋಗು.

ಬಿಳಿಚೆಂಡು

ನಾನು ಹೊಸಬಳು. ರ್‍ಯಾಂಕಿಂಗ್ ಟೂರ್ನಿ ಅಂದ್ರೆ ಏನು? ಬೇರೆ ಟೂರ್ನಿಗೂ ಇದಕ್ಕೂ ಏನು ವ್ಯತ್ಯಾಸ?

ಬಾಕ್_ಲೈನ್

ಗೆದ್ದರೆ ವಿಶ್ವ ರ್‍ಯಾಂಕಿಂಗ್‌ನಲ್ಲಿ ಲೆಕ್ಕಕ್ಕೆ ಬರುವ ಟೂರ್ನಿ. ಮೊದಲು ಅದಕ್ಕೆ ಪಾಯಿಂಟ್ ಇತ್ತು. 2014ರಿಂದ ಎರಡು ವರ್ಷದಲ್ಲಿ ಗೆದ್ದ ಬಹುಮಾನದ ದುಡ್ಡೇ ರ್‍ಯಾಂಕಿಂಗ್. ಇಂಡಿಯನ್ ಓಪನ್‌ಗೆ ಅರ್ಹತಾ ಪಂದ್ಯಗಳು ಇಂಗ್ಲೆಂಡಿನಲ್ಲೇ ಮೊದಲೇ ಮುಗಿಯುತ್ತಿದ್ದವು. ಅದರಲ್ಲಿ ಗೆದ್ದವರು ಇಲ್ಲಿಗೆ ಬರುತ್ತಿದ್ದರು. ಪಂದ್ಯ ಸಣ್ಣದು. ನಾಲ್ಕು ಫ್ರೇಮ್ ಗೆದ್ದರೆ ಮುಂದಕ್ಕೆ, ಫೈನಲ್‌ನಲ್ಲಿ ಐದು. ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ 18 ಗೆಲ್ಲಬೇಕು, ಎರಡು ದಿನ ಆಡುತ್ತಾರೆ. ಇಲ್ಲಿ ಒಂದು ಗಂಟೆ ಕೈ ಕೂಡಿ ಬಂದರೆ ದೊಡ್ಡವರನ್ನೂ ಮನೆಗೆ ಕಳಿಸಬಹುದು.

ಅದಕ್ಕೇ ಇರಬೇಕು, ಐದರಲ್ಲಿ ಮೂರು ಸಲ ಗೆದ್ದವರು ಅಲ್ಲಿಯವರೆಗೆ ಒಂದೂ ರ್‍ಯಾಂಕಿಂಗ್ ಟೂರ್ನಿ ಗೆಲ್ಲದವರು. ಮೈಕಲ್ ವೈಟ್, ಮೆಕ್‌ಗಿಲ್, ಸೆಲ್ಟ್. ಸೆಲ್ಟ್‌ಗೆ 33 ವರ್ಷ ಆಗಿತ್ತು, 2002ರಿಂದ ಪ್ರೊಫೆಷನಲ್. ಅಷ್ಟು ವರ್ಷ ಕಾದು ಕೊಚ್ಚಿಯಲ್ಲಿ ಮೊದಲ ಟ್ರೋಫಿ. ಎದುರಿಗಿದ್ದ ಲ್ಯು ಹಾವೊಟಿಯನ್‌ಗೆ 21. ಆ ಫೈನಲ್ 5-3.

ಕಪ್ಪುಚೆಂಡು (ದಾವಣಗೆರೆ)

2013ರ ಫೈನಲ್ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದಸರಾ ಮುಗಿದ ವಾರ. ಆಯುಧ ಪೂಜೆಗೆ ನಮ್ಮ ಸೆಂಟರ್‌ನಲ್ಲಿ ಕ್ಯೂಗಳಿಗೆಲ್ಲ ವಿಭೂತಿ ಹಚ್ಚಿ ಟೇಬಲ್ ಮೂಲೆಗೆ ಹೂವು ಇಟ್ಟಿದ್ದರು. ಯಾರೋ ಕುಂಕುಮ ಟೇಬಲ್ ಬಟ್ಟೆ ಮೇಲೆ ಚೆಲ್ಲಿಬಿಟ್ಟ. ಓನರ್ ಅಣ್ಣ ಹಬ್ಬ ಅಂತಲೂ ನೋಡದೆ ಬೈದರು. ಬ್ರೌನ್ ಚೆಂಡು ಇಡುವ ಸ್ಪಾಟ್ ಪಕ್ಕ ಆ ಕಲೆ ಬಟ್ಟೆ ಬದಲಾಯಿಸುವ ತನಕ ಇತ್ತು.

ಆ ವಾರ ಆದಿತ್ಯ ಮೆಹ್ತಾ ದೆಹಲಿಯಲ್ಲಿ ಗೆಲ್ಲುತ್ತಾ ಹೋದರು. ಸೆಮಿಯಲ್ಲಿ ಸ್ಟೀಫನ್ ಮ್ಯಾಗ್ವೈರ್ ವಿರುದ್ಧ 4-3. ರ್‍ಯಾಂಕಿಂಗ್ ಫೈನಲ್‌ಗೆ ಬಂದ ಮೊದಲ ಭಾರತೀಯ. ಫೈನಲ್ ದಿನ ನಾವು ಐದಾರು ಜನ ಟೇಬಲ್ ಬಿಟ್ಟು ಒಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ನೆಟ್ ನಿಂತು ನಿಂತು ಬರುತ್ತಿತ್ತು. ಪ್ರತಿ ಸಲ ಚಿತ್ರ ಮತ್ತೆ ಬಂದಾಗ ಡಿಂಗ್ ಇನ್ನೊಂದು ಚೆಂಡು ಹಾಕಿರುತ್ತಿದ್ದ. 5-0. ಮೆಹ್ತಾ ಜಾಸ್ತಿ ಹೊತ್ತು ಕುರ್ಚಿಯಲ್ಲೇ ಕೂತಿದ್ದರು. ಒಬ್ಬನೂ ಮಾತಾಡಲಿಲ್ಲ, ಎದ್ದು ಹೋಗಿ ಬೆಣ್ಣೆದೋಸೆ ತಿಂದು ಮನೆಗೆ ಹೋದೆವು.

ಪಿಬಿ_ರಸ್ತೆ

ನೀವು ಐದಾರು ಜನ ನೋಡಿದ್ದೇ ದೊಡ್ಡದು. ಅದೇ ವಾರ ಜೈಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ 360 ರನ್ ಬೆನ್ನತ್ತಿ ಗೆದ್ದದ್ದು. ಕೊಹ್ಲಿ 52 ಬಾಲಿಗೆ ಸೆಂಚುರಿ. ಅದಕ್ಕೂ ಕೆಲವೇ ದಿನ ಮೊದಲು ಸಚಿನ್ ನಿವೃತ್ತಿ ಹೇಳಿದ್ದರು. ಪೇಪರಿನಲ್ಲಿ ಸ್ನೂಕರ್‌ಗೆ ಜಾಗ ಎಲ್ಲಿರುತ್ತೆ?

ಈ ಟೂರ್ನಿಯ ಗ್ರಹಚಾರವೇ ಹಾಗೆ. ಮುಂಬೈನಲ್ಲಿ ಆಡಿದಾಗ ಕ್ರಿಕೆಟ್ ವಿಶ್ವಕಪ್ ನಡೀತಿತ್ತು. ಕೊಚ್ಚಿಯಲ್ಲಿ ಶುರುವಾದದ್ದು 2019ರ ಫೆಬ್ರುವರಿ 27ಕ್ಕೆ. ಅದರ ಹಿಂದಿನ ದಿನ ಬಾಲಾಕೋಟ್. ಇಡೀ ದೇಶ ಅಭಿನಂದನ್ ಯಾವಾಗ ವಾಪಸ್ ಬರುತ್ತಾರೆ ಅಂತ ಟಿವಿ ಮುಂದೆ ಕೂತಿತ್ತು. ಆಗ ಕೊಚ್ಚಿಯ ಹೋಟೆಲಿನಲ್ಲಿ ಒಬ್ಬ ರೆಡ್ ಚೆಂಡು ಹಾಕುತ್ತಿದ್ದ ಅಂದರೆ ಯಾರಿಗೆ ಬೇಕು?

ಹಳೇ_ಮಿಲ್_ಮಗ

ನಾನು ಹೈದರಾಬಾದ್‌ಗೆ ಹೋಗಿ ಕಣ್ಣಾರೆ ನೋಡಿದ್ದೇನೆ. ಅದರ ಬಗ್ಗೆ ಬರೆಯಲೇಬೇಕು, ಸ್ವಲ್ಪ ಉದ್ದವಾಗುತ್ತೆ.

2016ರ ಜುಲೈ. ಮನೆಯಲ್ಲಿ ಕೆಲಸದ ಇಂಟರ್ವ್ಯೂ ಅಂತ ಸುಳ್ಳು ಹೇಳಿ ರಾತ್ರಿ ಬಸ್ ಹತ್ತಿದೆ. ನಮ್ಮಪ್ಪನಿಗೆ ಸ್ನೂಕರ್ ಅಂದರೆ ಆಗದು. ಕಾಟನ್ ಮಿಲ್ಲಿನಲ್ಲಿ ಶಿಫ್ಟ್ ಮಾಡಿ ಸಾಕಿದವರು. ಅವರ ಲೆಕ್ಕದಲ್ಲಿ ಹಸಿರು ಟೇಬಲ್, ಸಿಗರೇಟು, ಫೇಲಾದ ಮಾರ್ಕ್ಸ್ ಕಾರ್ಡು ಮೂರೂ ಒಂದೇ ಮನೆಯವು.

ಹೋಟೆಲಿನ ಹಾಲ್ ಒಳಗೆ ಕಾಲಿಟ್ಟಾಗ ಮೊದಲು ಗೊತ್ತಾಗಿದ್ದು ಮೌನ. ನಮ್ಮ ಸೆಂಟರ್‌ನಲ್ಲಿ ಸ್ಪೀಕರ್ ಹಾಡು, ಚಹಾ ಹುಡುಗ, ಪಕ್ಕದ ಟೇಬಲಿನ ಜಗಳ ಎಲ್ಲ ಇರುತ್ತೆ. ಅಲ್ಲಿ ಕ್ಯೂ ತುದಿಗೆ ಚಾಕ್ ಉಜ್ಜುವ ಸದ್ದು ಹತ್ತು ಸಾಲು ಹಿಂದೆ ಕೂತವನಿಗೂ ಕೇಳುತ್ತೆ. ಬಿಳಿ ಗ್ಲೌಸ್ ಹಾಕಿದ ರೆಫ್ರಿ ಒಂದೊಂದು ಚೆಂಡನ್ನು ಒರೆಸಿ ಸ್ಪಾಟ್ ಮೇಲೆ ಇಡುವುದನ್ನೇ ನಾನು ಸುಮಾರು ಹೊತ್ತು ನೋಡುತ್ತಾ ಕೂತೆ. ನನ್ನ ಫೋನು ಒಮ್ಮೆ ಗುರ್ ಅಂತು. ರೆಫ್ರಿ ತಲೆ ಎತ್ತಿ ನೋಡಿದರು. ಫೋನ್ ಮಾಡಿದ್ದು ಅಪ್ಪ, ಇಂಟರ್ವ್ಯೂ ಹೇಗಾಯ್ತು ಅಂತ ಕೇಳೋದಕ್ಕೆ.

ಆಮೇಲೆ ಟೇಬಲ್. ಜುಲೈ ತಿಂಗಳು ನಮ್ಮ ಕಡೆ ಟೇಬಲ್ ಮೇಲಿನ ಬಟ್ಟೆ ಹೇಗೆ ಭಾರ ಆಗುತ್ತೆ ಗೊತ್ತಲ್ಲ? ಚೆಂಡು ಉರುಳಿ ಉರುಳಿ ಪಾಕೆಟ್ ಬಾಯಿಗೆ ಬಂದು ನಿಂತುಬಿಡುತ್ತೆ. ಟೇಬಲ್ ಅಂಚಿನ ಕುಶನ್‌ಗೆ ಎಷ್ಟು ಹೊಡೆದರೂ ವಾಪಸ್ ಬರಲ್ಲ. ಅಲ್ಲಿ ಟೇಬಲಿನ ಸ್ಲೇಟ್ ಕಲ್ಲಿನ ಕೆಳಗೆ ಹೀಟರ್ ಇರುತ್ತೆ. ಹೊರಗೆ ಮಳೆ ಬಂದರೂ ಬಟ್ಟೆ ಒಣಗಿ ಗರಿಗರಿ. ಒಬ್ಬ ಆಟಗಾರ ಸುಮ್ನೆ ಮುಟ್ಟಿದ ಹಾಗೆ ಹೊಡೆದ. ಬಿಳಿ ಚೆಂಡು ಆ ತುದಿಗೆ ಹೋಗಿ, ಕುಶನ್ ತಾಗಿ, 12 ಅಡಿ ವಾಪಸ್ ಬಂದು ಈ ತುದಿಯ ಬಾಕ್ ಕುಶನ್‌ಗೆ ಅಂಟಿ ನಿಂತಿತು. ನಾನು ಹಾಗೆ ನಿಲ್ಲಿಸಬೇಕಾದರೆ ತೋಳಿನ ಬಲವೆಲ್ಲ ಹಾಕಬೇಕು. ಆ ಟೇಬಲಿನಲ್ಲಿ ಅಷ್ಟು ಜೋರಾಗಿ ಹೊಡೆದರೆ ಚೆಂಡು ಹೋಟೆಲಿನ ರಿಸೆಪ್ಷನ್‌ನಲ್ಲಿ ಸಿಗುತ್ತಿತ್ತು.

ಫೈನಲ್ ಮೆಕ್‌ಗಿಲ್ ಮತ್ತು ಕೈರನ್ ವಿಲ್ಸನ್. 5-2. ನನಗೆ ವಿಲ್ಸನ್ ಆಟ ಇಷ್ಟವಾಗಿತ್ತು, ಸೋತಾಗ ಬೇಜಾರಾಯಿತು. ಅದೇ ವಿಲ್ಸನ್ 2024ರಲ್ಲಿ ವಿಶ್ವ ಚಾಂಪಿಯನ್. ಅವತ್ತು ಮನೆಯಲ್ಲಿ ಎಲ್ಲರಿಗೂ ಹೇಳಿದೆ, ಇವನನ್ನು ನಾನು ಹತ್ತಿರದಿಂದ ನೋಡಿದ್ದೆ ಅಂತ. ಅಪ್ಪ ಕೇಳಿದರು, "ಎಲ್ಲಿ? ಯಾವಾಗ?" ಎಂಟು ವರ್ಷದ ಹಿಂದಿನ ಸುಳ್ಳು ಆವತ್ತು ಹೊರಗೆ ಬಿತ್ತು.

ಮಂಡಕ್ಕಿ_ಮಿರ್ಚಿ

ಫೌಲ್, ಏಳು ಪಾಯಿಂಟ್.

ಕೋಟೆ_ಹುಡುಗ (ಚಿತ್ರದುರ್ಗ)

ಹಳೇ ಮಿಲ್ ಅಣ್ಣ, ಜನ ಎಷ್ಟಿದ್ದರು?

ಹಳೇ_ಮಿಲ್_ಮಗ

ಹೊಟ್ಟೆ ಉರಿಯುವಷ್ಟು ಖಾಲಿ ಕುರ್ಚಿ ಇದ್ದವು. ನನ್ನ ಅಕ್ಕಪಕ್ಕ ಯಾರೂ ಇರಲಿಲ್ಲ. ಮುಂದಿನ ಸಲ ಹೈದರಾಬಾದ್‌ನಲ್ಲೇ ಆದರೆ ಗೆಳೆಯರನ್ನೆಲ್ಲ ಕರೆದುಕೊಂಡು ಬರುತ್ತೇನೆ ಅಂದುಕೊಂಡಿದ್ದೆ. ಮುಂದಿನ ಸಲ ವಿಶಾಖಪಟ್ಟಣಕ್ಕೆ ಹೋಯಿತು. ಮೆಕ್‌ಗಿಲ್ ಮಾತ್ರ ಅಲ್ಲೂ ಫೈನಲ್‌ಗೆ ಬಂದ, ಹಿಗಿನ್ಸ್ 5-1ರಲ್ಲಿ ಹೊಡೆದು ಕಳಿಸಿದ.

ನನ್ನ ತಕರಾರು ಇಷ್ಟೇ. ವಿಶ್ವ ಚಾಂಪಿಯನ್‌ಷಿಪ್ 1977ರಿಂದ ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್‌ನಲ್ಲೇ ನಡೆಯುತ್ತಿದೆ. ಸಾವಿರ ಸೀಟು ಕೂಡ ಇಲ್ಲದ ಜಾಗ ಅದು. ಆದರೂ ಅಪ್ಪ ಮಗನನ್ನು ಕರೆದುಕೊಂಡು ಹೋಗುತ್ತಾನೆ, ಮಗ ತನ್ನ ಮಗನನ್ನು. 1985ರಲ್ಲಿ ಕೊನೆಯ ಫ್ರೇಮಿನ ಕೊನೆಯ ಬ್ಲ್ಯಾಕ್ ಚೆಂಡಿನ ಮೇಲೆ ಡೆನಿಸ್ ಟೇಲರ್ ಸ್ಟೀವ್ ಡೇವಿಸ್‌ನನ್ನು ಸೋಲಿಸಿದ್ದು ಇದೇ ಹಾಲ್, ಇದೇ ಜಾಗ ಅಂತ ತೋರಿಸಬಹುದು. ಇಂಡಿಯನ್ ಓಪನ್‌ಗೆ ಅಂಥ ಜಾಗ ಯಾವುದು? ಐದು ಸಲ, ಐದು ಊರು. ಹೈದರಾಬಾದ್‌ನ ಆ ಹಾಲ್‌ಗೆ ಈಗ ಹೋದರೆ ಯಾರದ್ದೋ ಮದುವೆ ರಿಸೆಪ್ಷನ್ ನಡೀತಿರುತ್ತೆ. ನಮ್ಮೂರ ದುಗ್ಗಮ್ಮನ ಜಾತ್ರೆಯನ್ನು ಒಂದು ಸಲ ಹರಿಹರದಲ್ಲಿ, ಇನ್ನೊಂದು ಸಲ ಹೊನ್ನಾಳಿಯಲ್ಲಿ ಮಾಡಿದರೆ ಜನ ಸೇರುತ್ತಾರಾ?

ಪಿಬಿ_ರಸ್ತೆ

ಜಾಗ ಅಲ್ಲ ಅಣ್ಣ, ಗೆಲುವು ಬೇಕಿತ್ತು. 2005ರ ಚೀನಾ ಓಪನ್ ನೆನಪಿದೆಯಾ? ಇದೇ ಡಿಂಗ್, ಆಗಷ್ಟೇ 18 ತುಂಬಿತ್ತು. ವೈಲ್ಡ್‌ಕಾರ್ಡ್ ಆಗಿ ಬಂದ ಹುಡುಗ ಬೀಜಿಂಗ್‌ನಲ್ಲಿ ಸ್ಟೀಫನ್ ಹೆಂಡ್ರಿಯನ್ನು 9-5ರಲ್ಲಿ ಸೋಲಿಸಿದ. ಹೆಂಡ್ರಿ ಅಂದರೆ ಏಳು ಸಲ ವಿಶ್ವ ಚಾಂಪಿಯನ್. ಅಲ್ಲಿಂದ ಚೀನಾ ಕಥೆಯೇ ಬದಲಾಯಿತು. ಟೂರ್ನಿ ಮೇಲೆ ಟೂರ್ನಿ, ಅಕಾಡೆಮಿ ಮೇಲೆ ಅಕಾಡೆಮಿ. ಕೊನೆಗೆ 2025ರಲ್ಲಿ ಝಾವೊ ಶಿನ್‌ಟಾಂಗ್ ಕ್ರೂಸಿಬಲ್‌ನಲ್ಲೇ ಗೆದ್ದ, ಏಷ್ಯಾದ ಮೊದಲ ವಿಶ್ವ ಚಾಂಪಿಯನ್.

ನಮಗೂ ಅದೇ ಅವಕಾಶ 2013ರಲ್ಲಿ ಬಂದಿತ್ತು. ನಮ್ಮ ರಾಜಧಾನಿ, ನಮ್ಮ ಆಟಗಾರ, ಫೈನಲ್. ಎದುರಿಗೆ ಯಾರು? ಅದೇ ಡಿಂಗ್. ನಮ್ಮ ಬಾಗಿಲು ಹಾಕಿದವನು ಅವರ ಬಾಗಿಲು ತೆಗೆದವನೇ.

ಬಾಕ್_ಲೈನ್

ಮಾತು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲ್ಲ. ಆ ತಿಂಗಳು ಡಿಂಗ್ ಎದುರು ಯಾರು ನಿಂತಿದ್ದರೂ ಸೋಲುತ್ತಿದ್ದರು. ಅದಕ್ಕೆ ಮೊದಲು ಶಾಂಘೈ ಮಾಸ್ಟರ್ಸ್ ಗೆದ್ದಿದ್ದ. ದೆಹಲಿ ಆದ ಮೇಲೆ ಚೆಂಗ್ಡುವಿನಲ್ಲಿ ಇಂಟರ್‌ನ್ಯಾಷನಲ್ ಚಾಂಪಿಯನ್‌ಷಿಪ್ ಗೆದ್ದ. ಸತತ ಮೂರು. ಆ ಸೀಸನ್‌ನಲ್ಲಿ ಒಟ್ಟು ಐದು ರ್‍ಯಾಂಕಿಂಗ್ ಟೂರ್ನಿ, ಆಗ ಇದ್ದ ಹೆಂಡ್ರಿ ದಾಖಲೆಗೆ ಸಮ. ಮೆಹ್ತಾ ತಪ್ಪು ಏನೂ ಇಲ್ಲ. ಮುಂದಿನ ವರ್ಷ ಜರ್ಮನಿಯಲ್ಲಿ ಪಾಲ್ ಹಂಟರ್ ಕ್ಲಾಸಿಕ್‌ನಲ್ಲಿ 147 ಬ್ರೇಕ್ (ಒಂದೇ ಸರದಿಯಲ್ಲಿ ಟೇಬಲ್ ಖಾಲಿ ಮಾಡಿ ಪಡೆಯುವ ಗರಿಷ್ಠ ಪಾಯಿಂಟ್) ಮಾಡಿದರು. ಪ್ರೊ ಟೂರ್ನಿಯಲ್ಲಿ ಆ ಸಾಧನೆ ಮಾಡಿದ ಮೊದಲ ಭಾರತೀಯ. ಎದುರಿಗೆ ಕೂತಿದ್ದವರು ಅದೇ ಮ್ಯಾಗ್ವೈರ್, ಪಾಪ.

ಇನ್ನೊಂದು ವಿಷಯ ಮರೆಯಬೇಡಿ. ಪ್ರೊಫೆಷನಲ್ ಆಗಬೇಕು ಅಂದರೆ ಇಂಗ್ಲೆಂಡಿನಲ್ಲಿ ಮನೆ ಮಾಡಬೇಕು. ಅಡ್ವಾಣಿ 2012ರಲ್ಲಿ ಹೋದರು. 2013ರ ವೆಲ್ಶ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತನಕ ಆಡಿದರು. 2014ರಲ್ಲಿ ಬಿಟ್ಟು ವಾಪಸ್ ಬಂದರು. ಇಲ್ಲಿ ಬಿಲಿಯರ್ಡ್ಸ್ ಇದೆ, ಮನೆ ಇದೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಬಿಳಿಚೆಂಡು

ನೀವೆಲ್ಲ ಜಾಗ, ದುಡ್ಡು, ಗೆಲುವು ಅಂತಿದ್ದೀರಿ. ನಾನು ಸೆಂಟರ್ ಬಗ್ಗೆ ಹೇಳುತ್ತೇನೆ. ನಾನು ಮೊದಲ ಸಲ ತಮ್ಮನ ಜೊತೆ ಒಳಗೆ ಹೋದಾಗ ನಾಲ್ಕು ಟೇಬಲ್‌ನವರೂ ಆಟ ನಿಲ್ಲಿಸಿ ನೋಡಿದರು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಆದರೆ ಆ ನೋಟವೇ ಸಾಕು ವಾಪಸ್ ಹೋಗೋದಕ್ಕೆ. 2017ರಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಕರ್ನಾಟಕದ ವಿದ್ಯಾ ಪಿಳ್ಳೈ ಹಾಂಗ್‌ಕಾಂಗ್‌ನ ಎನ್‌ಜಿ ಆನ್-ಯೀ ವಿರುದ್ಧ 5-6ರಲ್ಲಿ ಸೋತರು. ಒಂದೇ ಒಂದು ಫ್ರೇಮ್. ಅದನ್ನು ಹೇಳಿದರೆ ಸೆಂಟರ್‌ನಲ್ಲಿ ಅರ್ಧ ಜನಕ್ಕೆ ಅವರ ಹೆಸರೇ ಗೊತ್ತಿರಲಿಲ್ಲ. ಊರಿನ ಅರ್ಧ ಜನ ಒಳಗೆ ಬರೋದೇ ಇಲ್ಲ ಅಂದ ಮೇಲೆ ಟೂರ್ನಿಯ ಕುರ್ಚಿ ತುಂಬೋದು ಹೇಗೆ?

ಕಪ್ಪುಚೆಂಡು (ದಾವಣಗೆರೆ)

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೋಡಿದವರಲ್ಲಿ ನಾನೂ ಒಬ್ಬ ಇರಬಹುದು.

ಕೋಟೆ_ಹುಡುಗ (ಚಿತ್ರದುರ್ಗ)

ಸಂಬಂಧ ಇಲ್ಲದ್ದು, ಆದರೂ ಹೇಳಿಬಿಡುತ್ತೇನೆ. ಈ ಆಟ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್‌ಪುರದಲ್ಲಿ ನೆವಿಲ್ ಚೇಂಬರ್‌ಲೇನ್ ಅನ್ನೋ ಬ್ರಿಟಿಷ್ ಅಧಿಕಾರಿ ಶುರು ಮಾಡಿದ್ದು. ಆಮೇಲೆ ಊಟಿ ಕ್ಲಬ್ಬಿನಲ್ಲಿ ನಿಯಮಗಳನ್ನು ಬರೆದು ಗೋಡೆಗೆ ಹಾಕಿದರು. ಊಟಿ ಅಂದರೆ ಬಂಡೀಪುರ ದಾಟಿದರೆ ಸಿಗುತ್ತೆ. ನಿಯಮ ಬರೆದ ಊರು ಇಷ್ಟು ಹತ್ತಿರ, ಆದರೆ ಅರ್ಹತಾ ಪಂದ್ಯ ಆಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು.

ಮಂಡಕ್ಕಿ_ಮಿರ್ಚಿ

ಊಟಿ ಕ್ಲಬ್ಬಿನವರು ಗೋಡೆಗೆ ನಿಯಮ ಹಾಕಿದ್ದಕ್ಕೇ ಆಟ ಉಳಿದಿದ್ದು. ಅದಕ್ಕೇ ಹೇಳ್ತಿರೋದು, ಟೇಬಲ್ ದುಡ್ಡಿನ ನಿಯಮ ಬರೆಸು.

ಬಾಕ್_ಲೈನ್

ಗೋಡೆ ವಿಷಯಕ್ಕೆ ಬರೋಣ. ಗೆದ್ದವರನ್ನು ಮಾತ್ರ ಬರೆದರೆ ಆ ಪಟ್ಟಿಯಲ್ಲಿ ಒಬ್ಬನೂ ಭಾರತೀಯ ಇರಲ್ಲ. ಇಂಡಿಯನ್ ಓಪನ್ ಅಂತ ಮೇಲೆ ದೊಡ್ಡದಾಗಿ ಬರೆದು ಕೆಳಗೆ ಒಬ್ಬ ಚೀನಾದವನು, ಒಬ್ಬ ವೇಲ್ಸ್‌ನವನು, ಇಬ್ಬರು ಸ್ಕಾಟ್ಲೆಂಡಿನವರು, ಒಬ್ಬ ಇಂಗ್ಲೆಂಡಿನವನು. ಸೋತವರ ಹೆಸರೂ ಬರೆಸು. ಮೆಹ್ತಾ, ರಿಕಿ ವಾಲ್ಡನ್, ಕೈರನ್ ವಿಲ್ಸನ್, ಮೆಕ್‌ಗಿಲ್, ಲ್ಯು ಹಾವೊಟಿಯನ್. ಮುಂಬೈ ಫೈನಲ್ ಕೂಡ 5-0, ವಾಲ್ಡನ್ ಒಂದೂ ಫ್ರೇಮ್ ಗೆಲ್ಲಲಿಲ್ಲ. ಮೆಹ್ತಾಗೆ ಜೊತೆ ಸಿಕ್ಕಿದ ಹಾಗೂ ಆಗುತ್ತೆ.

ಹಳೇ_ಮಿಲ್_ಮಗ

ಕೆಳಗೆ ಆರನೇ ಸಾಲಿಗೆ ಜಾಗ ಖಾಲಿ ಬಿಡು. 2019ರ ನಂತರ ನಡೆದಿಲ್ಲ ನಿಜ, ಆದರೂ ಬಿಡು.

ಕಪ್ಪುಚೆಂಡು (ದಾವಣಗೆರೆ)

ಸೋಮವಾರ ರಾತ್ರಿ. ಕೆಲಸ ಮುಗಿಯಿತು.

ಪೇಂಟರ್ ಹುಡುಗ ಅಂಗಡಿ ಬೋರ್ಡ್ ಬರೆಯುವವನು, ಅಕ್ಷರ ಮುತ್ತು. ಆದರೆ "ಸೆಲ್ಟ್" ಅನ್ನುವುದನ್ನು "ಬೆಲ್ಟ್" ಅಂತ ಬರೆದು, ಇದೇ ಸರಿ ಅಂತ ನನ್ನ ಜೊತೆ ಅರ್ಧ ಗಂಟೆ ವಾದ ಮಾಡಿದ. ಹಾವೊಟಿಯನ್‌ಗೆ ಮೂರು ಸಲ ಬಿಳಿ ಬಣ್ಣ ಹಚ್ಚಿ ತಿದ್ದಿದ. ಎರಡು ಕಾಲಂ ಹಾಕಿಸಿದ್ದೇನೆ, ಗೆದ್ದವರು ಹಸಿರಿನಲ್ಲಿ, ಸೋತವರು ಕೆಂಪಿನಲ್ಲಿ. ಮೊದಲ ಸಾಲಿನಲ್ಲೇ ಆದಿತ್ಯ ಮೆಹ್ತಾ ಹೆಸರು ಇದೆ. ಕೆಂಪು ಬಣ್ಣ ಸ್ವಲ್ಪ ಜಾಸ್ತಿ ಗಾಢವಾಗಿ ಬಂತು, ಬಾಗಿಲಿಂದ ನೋಡಿದರೆ ಅದೇ ಮೊದಲು ಕಾಣುತ್ತೆ.

ಮೂಲೆಯಲ್ಲಿ ವಿದ್ಯಾ ಪಿಳ್ಳೈ, 2017, 5-6 ಅಂತಲೂ ಬರೆಸಿದೆ. ಟೂರ್ನಿ ಬೇರೆ, ಗೊತ್ತು. ಇರಲಿ.

ಆರನೇ ಸಾಲಿಗೆ ಜಾಗ ಬಿಟ್ಟಿದ್ದೆ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಓನರ್ ಅಣ್ಣ ಅಲ್ಲಿ ಗಂಟೆಗೆ ಎಷ್ಟು ರೇಟು ಅಂತ ಬರೆಸಿಬಿಟ್ಟಿದ್ದಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ, "ಸೋತವರು ಕೊಡಬೇಕು."

ಮಂಡಕ್ಕಿ_ಮಿರ್ಚಿ

ಅಣ್ಣನಿಗೆ ಜೈ. ಎರಡು ಫ್ರೇಮಿನ ದುಡ್ಡು ತಗೊಂಡು ಬಾ.